ಅಣ್ಣ ಹಾಕಿಕೊಟ್ಟ ರ‍್ಯಾಮ್

ಸ್ಟ್ರೆಚರಿನ ತಲೆಯ ಭಾಗ ಬಾಗಿಲ ಚೌಕಟ್ಟಿಗೆ ಬಡಿದು ನಿಂತುಬಿಟ್ಟಿತು. ಕಾಲ ಕಡೆ ಹಿಡಿದಿದ್ದ ವ್ಯಾನಿನ ಡ್ರೈವರ್, ಎಡಕ್ಕೆ ಬನ್ನಿ, ಇನ್ನೊಂಚೂರು ಎಡಕ್ಕೆ ಎಂದು ಗೊಣಗಿದ. ಎಡಕ್ಕೆ ಬರಲು ಜಾಗವೆಲ್ಲಿತ್ತು? ಮಲಗುವ ಕೋಣೆಯಿಂದ ಹೊರಬಂದರೆ ನಡುಮನೆ, ನಡುಮನೆಯ ಅರ್ಧಕ್ಕೆ ಅಣ್ಣನ ಮೇಜು. ಅವನು ಬದುಕಿದ್ದಾಗ ಮನೆಯವರೆಲ್ಲ ಆ ಮೇಜನ್ನು ಸುತ್ತಿಕೊಂಡೇ ಓಡಾಡಿದ್ದರು. ಈಗ ಅವನೂ ಸುತ್ತಿಕೊಂಡೇ ಹೋಗಬೇಕಾಯಿತು.

ತಲೆಯ ಕಡೆ ಹಿಡಿದಿದ್ದ ತಮ್ಮ, ಸೊಂಟದಿಂದ ಮೇಜನ್ನು ಒತ್ತರಿಸಲು ನೋಡಿದ. ಅದರ ಮೇಲೆ ಪಕ್ಕದ ತಗಡು ಬಿಚ್ಚಿದ ಹಳೆಯ ಕಂಪ್ಯೂಟರೊಂದು ಗುಂಯ್ ಅನ್ನುತ್ತಿತ್ತು. ಪರದೆಯಲ್ಲಿ ಒಂದು ಸಂಖ್ಯೆ ಏರುತ್ತಲೇ ಇತ್ತು. ನಿನ್ನೆ ಬೆಳಿಗ್ಗೆ ಅದರ ಮುಂದೆ ಕಾಫಿ ಲೋಟ ಹಿಡಿದು ಕೂತವನು ಎದೆ ಒತ್ತಿಕೊಂಡು ಪಕ್ಕಕ್ಕೆ ವಾಲಿದ್ದ, ಅಷ್ಟೆ. ಯಾರೂ ನೋಡುವವರಿಲ್ಲದಿದ್ದರೂ ಅದರ ಲೆಕ್ಕ ನಡೆದೇ ಇತ್ತು.

"ಅದನ್ನ ಅಲ್ಲಾಡಿಸ್ಬೇಡಿ," ಎಂದಳು ಅತ್ತಿಗೆ. "ಓಡ್ತಾ ಇದೆ."

ಗೋಡೆ ಬದಿಯ ಕುರ್ಚಿಯಲ್ಲಿ ತಾಯಿ ಕೂತಿದ್ದಳು. ನಿನ್ನೆಯಿಂದ ಅತ್ತು ಅತ್ತು ಗಂಟಲು ಕಟ್ಟಿಹೋಗಿತ್ತು. ಈ ಮಾತಿಗೆ ಮಾತ್ರ ದನಿ ಸ್ಪಷ್ಟವಾಗಿ ಹೊರಟಿತು.

"ಚಿಕ್ಕೋನೇ, ವೈರಿನ ಹತ್ರ ಹೋಗ್ಬೇಡ. ನಿನ್ನ ಕೈ ನಂಗೊತ್ತು."

ನೆಂಟರಿಷ್ಟರು ನೆಲ ನೋಡಿದರು. ಅವರಿಗೂ ಆ ಕತೆ ಗೊತ್ತಿತ್ತು. ತಾಯಿ ಯಾರಿಗೆ ತಾನೇ ಹೇಳಿರಲಿಲ್ಲ? ಸತ್ತ ಅಣ್ಣನನ್ನು ಎರಡೂ ಕೈಯಲ್ಲಿ ಹೊತ್ತು ನಿಂತಿರುವಾಗಲೂ ತನಗೆ ಬಿಡುಗಡೆ ಇಲ್ಲವಲ್ಲ ಎಂದುಕೊಂಡ ತಮ್ಮ. ಸ್ಟ್ರೆಚರನ್ನು ಎದೆಯ ಮಟ್ಟಕ್ಕೆ ಎತ್ತಿದ. ಅಣ್ಣನನ್ನು ಕಂಪ್ಯೂಟರಿನ ಮೇಲಿಂದ ದಾಟಿಸಿ, ವೈರೊಂದನ್ನೂ ತಾಗಿಸದೆ, ಬಾಗಿಲಾಚೆ ತಂದು ವ್ಯಾನಿಗೆ ಹಾಕಿದ.

* * *

ತಮ್ಮನಿಗೆ ಹಿಂದೊಮ್ಮೆ ಸ್ವಂತ ಫೋಟೋ ಸ್ಟುಡಿಯೋ ಇತ್ತು. ಅಪ್ಪ ಬೇಗ ಹೋಗಿದ್ದರಿಂದ ಓದಿಸಿದ್ದು, ಮೊದಲ ಕ್ಯಾಮೆರಾ ಕೊಡಿಸಿದ್ದು, ಅಂಗಡಿಗೆ ಕಂಪ್ಯೂಟರ್ ಜೋಡಿಸಿ ಕೊಟ್ಟಿದ್ದು ಎಲ್ಲ ಅಣ್ಣನೇ. ಅಣ್ಣನ ಕೆಲಸವೂ ಅದೇ. ಕಂಪ್ಯೂಟರನ್ನು ಒಳಗಿಂದ ನಡೆಸುವ ತಿರುಳಿಗೆ ಕರ್ನೆಲ್ ಅನ್ನುತ್ತಾರಂತೆ; ಅದರಲ್ಲಿ, ಕಡತಗಳು ಡಿಸ್ಕಿಗೆ ಹೋಗಿ ಕೂರುವ ಭಾಗವನ್ನು ರಿಪೇರಿ ಮಾಡುವವನು ಅವನು. ಏನೇ ದೂರು ಬಂದರೂ ಅವನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: ಇನ್ನೊಂದ್ಸಲ ಮಾಡಿ ತೋರ್ಸು. ಮತ್ತೆ ಮಾಡಿ ತೋರಿಸಲು ಆಗದ ತಪ್ಪು ಅವನ ಪಾಲಿಗೆ ತಪ್ಪೇ ಅಲ್ಲ. ಆಫೀಸಿನಲ್ಲಿ ಅವನ ಹೆಸರೇ ‘ಇನ್ನೊಂದ್ಸಲ’ ಎಂದಾಗಿತ್ತು. ಮನೆಯಲ್ಲೂ ಬೀಗ ಹಾಕಿ, ಇನ್ನೊಂದ್ಸಲ ಎಳೆದು ನೋಡಿಯೇ ಮೆಟ್ಟಿಲಿಳಿಯುವ ಮನುಷ್ಯ.

ಒಂದು ದೊಡ್ಡ ಮದುವೆಯ ಫೋಟೋಗಳನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿ, ಕ್ಯಾಮೆರಾದ ಕಾರ್ಡು ಖಾಲಿ ಮಾಡಿಕೊಂಡು ಮುಂದಿನ ಕೆಲಸಕ್ಕೆ ಹೋಗಿದ್ದ ತಮ್ಮ. ಬಂದು ತೆರೆದು ನೋಡಿದರೆ ಮೇಲರ್ಧ ಮದುಮಗಳ ಮುಖ, ಕೆಳಗರ್ಧ ಯಾರದ್ದೋ ಪಾಸ್‌ಪೋರ್ಟ್ ಫೋಟೋದ ಗಲ್ಲ ಮತ್ತು ಟೈ. ಇನ್ನೊಂದರಲ್ಲಿ ಮದುಮಗನ ಕುತ್ತಿಗೆಯ ಕೆಳಗೆ ಯಾವುದೋ ಮಗುವಿನ ಬರಿಮೈ. ಕಡತಗಳ ಹೆಸರು ಸರಿ, ಗಾತ್ರ ಸರಿ, ಒಳಗೆ ಮಾತ್ರ ಕಲಸುಮೇಲೋಗರ. ಮದುಮಗಳ ಅಪ್ಪ ಅಂಗಡಿ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಬೈದ.

ಅಣ್ಣ ರಜೆ ಹಾಕಿ ಬಂದ. ಬುತ್ತಿ ಹಿಡಿದುಕೊಂಡು ತಾಯಿಯೂ ಬಂದಳು. ಅಣ್ಣ ಕಂಪ್ಯೂಟರಿನ ತಗಡು ಬಿಚ್ಚಿ ಒಳಗೆ ಇಣುಕಿದವನೇ ತಲೆ ಚಚ್ಚಿಕೊಂಡ.

"ಇಷ್ಟೇ ಇಷ್ಟು ಮೆಮೊರಿ ಇಟ್ಕೊಂಡು ಹೇಗೋ ಕೆಲಸ ಮಾಡ್ತೀಯ? ಇದು ತೆವಳ್ತಾ ಇದ್ರೆ ನಾನು ಪರೀಕ್ಷೆ ಮಾಡಿ ಮುಗಿಸೋದು ಯಾವಾಗ?"

ತನ್ನ ಚೀಲದಿಂದ ಒಂದು ರ‍್ಯಾಮ್, ಅಂದರೆ ಮೆಮೊರಿಯ ಪುಟ್ಟ ಪಟ್ಟಿ, ತೆಗೆದು ಖಾಲಿ ಜಾಗಕ್ಕೆ ಒತ್ತಿ ಕೂರಿಸಿದ. ಅದಕ್ಕೂ ಮೊದಲು, ಫೋಟೋ ತಿದ್ದುವ ಕೆಂಪು ಬಣ್ಣ ಕೇಳಿ ಅದರ ಅಂಚಿಗೆ ಒಂದು ಚುಕ್ಕೆ ಇಟ್ಟ. ಯಾವುದು ಮೊದಲಿಂದ ಇದ್ದದ್ದು, ಯಾವುದು ತಾನು ಹಾಕಿದ್ದು ಅಂತ ಗೊತ್ತಿರಬೇಕಲ್ಲ, ಅಷ್ಟು ಕಟ್ಟುನಿಟ್ಟು. ಆಮೇಲೆ ಸಂಜೆಯವರೆಗೂ ಸಾವಿರಾರು ಫೋಟೋ ಹಾಕಿದ, ತೆಗೆದ, ತಾಳೆ ನೋಡಿದ. ಒಂದಾದರೂ ಕೆಟ್ಟಿದ್ದರೆ ಕೇಳಿ. ಒಂದೂ ಕೆಡಲಿಲ್ಲ.

"ನಂಗೆ ಬರ್ತಿಲ್ಲ," ಅಂದ ಅಣ್ಣ ಕನ್ನಡಕ ಒರೆಸುತ್ತ. "ಫೋಟೋ ಹೋಗ್ತಾ ಇರುವಾಗ ಪ್ಲಗ್ ಕಿತ್ತಿದೀಯ ನೀನು."

"ಇಲ್ಲ ಅಣ್ಣ. ನಾನ್ಯಾಕೆ ಕೀಳ್ಲಿ?"

"ಅಂಗಡಿ ಮುಚ್ಚೋ ಆತುರದಲ್ಲಿ ಕಿತ್ತಿರ್ತೀಯ, ನೆನಪಿರಲ್ಲ. ನಾನೇನು ಬೈತಾ ಇಲ್ಲ. ಮಿಷಿನ್ ಸರಿಯಾಗಿದೆ ಕಣೋ, ನೀನೇ ನೋಡ್ದ್ಯಲ್ಲ."

ಬೈದಿದ್ದರೆ ಜಗಳವಾಡಬಹುದಿತ್ತು. ಅಣ್ಣ ಬೈಯಲಿಲ್ಲ; ಕ್ಷಮಿಸಿಬಿಟ್ಟ. ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿದರೆ ಅದನ್ನು ಹಿಂದಕ್ಕೆ ಕೊಡುವುದು ಹೇಗೆ? ರ‍್ಯಾಮನ್ನೂ ವಾಪಸು ತೆಗೆದುಕೊಳ್ಳಲಿಲ್ಲ, ಇರಲಿ ಬಿಡು ಎಂದ. ಆಮೇಲೆ ಆ ಕಂಪ್ಯೂಟರ್ ಒಂದೇ ಒಂದು ಫೋಟೋ ಕೆಡಿಸಲಿಲ್ಲ. ಅದೇ ತಮ್ಮನಿಗೆ ಕುತ್ತಾಯಿತು. ಅಣ್ಣ ಹೇಳಿದ ಮೇಲೆ ಹುಷಾರಾಗಿದಾನೆ ನೋಡಿ, ಅಂದಳು ತಾಯಿ. ಮದುಮಗಳ ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದರಿಂದ ಮದುವೆ ಕೆಲಸಗಳು ನಿಂತವು. ಸ್ಟುಡಿಯೋ ಮುಚ್ಚಿದ ತಮ್ಮ, ಲೈಸೆನ್ಸ್ ಕಚೇರಿಯಲ್ಲಿ ಫೋಟೋ ತೆಗೆಯುವ ಕೆಲಸಕ್ಕೆ ಸೇರಿದ. ಗಲ್ಲ ಸ್ವಲ್ಪ ಮೇಲೆ, ಕಣ್ಣು ಇಲ್ಲಿ, ನಗಬೇಡಿ. ದಿನವಿಡೀ ಅಷ್ಟೇ ಮಾತು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುತ್ತೇನೆ ಅಂದಾಗ ಅಣ್ಣ, ಯಾಕೆ ಹಾಳು ಮಾಡ್ತೀಯ, ನಂಗೆ ಕೊಡು ಎಂದು ಬಂದು ಹೊತ್ತುಕೊಂಡು ಹೋದ.

* * *

ವಿದ್ಯುತ್ ಚಿತಾಗಾರದ ಹೊರಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ತಮಗಿಂತ ಮುಂಚೆ ಬಂದವರದ್ದು ಮುಗಿಯಬೇಕು, ಕೂತಿರಿ ಎಂದು ಅಲ್ಲಿನವನು ಹೇಳಿಹೋದ. ತಾಯಿ ಬಂದಿರಲಿಲ್ಲ, ಅವಳ ಮಂಡಿ ಬಿಡುವುದಿಲ್ಲ. ಅತ್ತಿಗೆ ಕಿಟಕಿ ಪಕ್ಕ ಕೂತು ಹೊರಗೆ ನಿಂತ ಗಾಡಿಗಳನ್ನು ನೋಡುತ್ತಿದ್ದಳು.

ಅಣ್ಣನ ಆಫೀಸಿನವರು ಕತ್ತಿನಲ್ಲಿ ಗುರುತಿನ ಚೀಟಿ ತೂಗಿಸಿಕೊಂಡೇ ಬಂದಿದ್ದರು. ಅವರ ಮುಖ್ಯಸ್ಥೆ, ನರೆಗೂದಲನ್ನು ಮೋಟಾಗಿ ಕತ್ತರಿಸಿಕೊಂಡ ಹೆಂಗಸು, ತಮ್ಮನ ಪಕ್ಕ ಬಂದು ಕೂತಳು. ಮೌನವಾಗಿ ಕೂರಲು ಬಾರದ ಜಾತಿ. ಅಂಥ ಕೆಲಸಗಾರ ಇನ್ನು ಸಿಗುವುದಿಲ್ಲ ಎಂದಳು. ಒಂದು ಕತೆ ಹೇಳಲೇಬೇಕು ನಿಮಗೆ, ನಮ್ಮಲ್ಲಿ ಹೊಸದಾಗಿ ಸೇರುವವರಿಗೆಲ್ಲ ಇವತ್ತಿಗೂ ಇದನ್ನೇ ಹೇಳುವುದು ಎಂದಳು. ಉಳಿದವರೂ ಕುರ್ಚಿ ಎಳೆದುಕೊಂಡರು. ಕೇಳಿದ ಕತೆಯೇ ಆದರೂ ಅವರ ಮುಖದಲ್ಲಿ ಆಗಲೇ ಗೆಲುವಿತ್ತು.

ಯಾವುದೋ ದೂರದ ಊರಿಂದ ಒಂದು ದೂರು ಬಂದಿತ್ತಂತೆ. ಡಿಸ್ಕಿಗೆ ಬರೆದ ಒಂದು ಕಡತದೊಳಗೆ ಇನ್ನೊಂದು ಕಡತದ ಚೂರು ಬಂದು ಕೂರುತ್ತದೆ ಎಂದು. ಐದಾರು ಜನ ತಿಂಗಳುಗಟ್ಟಲೆ ಒದ್ದಾಡಿದರೂ ಒಬ್ಬರ ಮಿಷಿನ್ನಿನಲ್ಲೂ ಅದು ಬರಲಿಲ್ಲ. ದೂರು ಕೊಟ್ಟವನೇ ಏನೋ ಎಡವಟ್ಟು ಮಾಡಿಕೊಂಡಿದ್ದಾನೆ ಎಂದು ಕೈ ತೊಳೆದುಕೊಳ್ಳುವವರಿದ್ದರು.

ಕೈಯಲ್ಲಿದ್ದ ಕಾಗದದ ಚಹಾ ಲೋಟವನ್ನು ಕುರ್ಚಿಯ ಕೆಳಗಿಟ್ಟ ತಮ್ಮ.

"ನಿಮ್ಮಣ್ಣ ಒಂದಿನ ಯಾವುದೋ ಓಬೀರಾಯನ ಕಾಲದ ಡಬ್ಬ ಹೊತ್ಕೊಂಡು ಬಂದ್ರು," ಎಂದಳು ಮುಖ್ಯಸ್ಥೆ. "ನಾವೆಲ್ಲ ನಕ್ವಿ. ಅವರು ಅದನ್ನ ಮೇಜಿನ ಮೇಲಿಟ್ರು. ತಗಡು ಬಿಚ್ಚಿ, ಇದ್ದ ಎರಡು ರ‍್ಯಾಮಲ್ಲಿ ಒಂದನ್ನ ಕಿತ್ತು ಪಕ್ಕಕ್ಕಿಟ್ರು. ಅಷ್ಟೇ ನೋಡಿ! ಬಂದೇ ಬಿಡ್ತು. ಮೊದಲನೇ ಸಲಕ್ಕೇ."

ತಮ್ಮ ಅವಳ ಕಡೆ ತಿರುಗಿ ಕೂತ. ಒಂದನ್ನು ಕಿತ್ತದ್ದಕ್ಕೆ ಯಾಕೆ ಬಂತು ಎಂದು ಕೇಳಿದ. ಕೇಳುವವರು ಸಿಕ್ಕಿದ್ದಕ್ಕೆ ಅವಳಿಗೆ ಖುಷಿಯಾಯಿತು. ಮೆಮೊರಿ ಅಂದರೆ ಮೇಜು, ಡಿಸ್ಕ್ ಅಂದರೆ ಬೀರು ಅಂದುಕೊಳ್ಳಿ ಎಂದಳು. ಎಲ್ಲ ಕಾಗದ ಮೊದಲು ಮೇಜಿನ ಮೇಲೆ ಬರುತ್ತದೆ, ಆಮೇಲೆ ಬೀರುವಿಗೆ. ಮೇಜು ದೊಡ್ಡದಿದ್ದರೆ ಆತುರವೇ ಇಲ್ಲ. ಚಿಕ್ಕದಿದ್ದರೆ ಜಾಗಕ್ಕೆ ಪರದಾಟ. ಈ ಕಾಗದ ಇನ್ನೂ ಬೀರು ಸೇರಿರುವುದಿಲ್ಲ, ಅಷ್ಟರಲ್ಲಿ ಅದೇ ಜಾಗಕ್ಕೆ ಇನ್ನೊಂದನ್ನು ತಂದು ಹಾಕಿರುತ್ತಾರೆ. ಬೀರುವಿಗೆ ಹೋಗುವುದು ಅರ್ಧ ಇದು, ಅರ್ಧ ಅದು. ನಮ್ಮದೆಲ್ಲ ಭಾರಿ ಮೇಜುಗಳು, ನಮಗೆ ಹೇಗೆ ಕಂಡೀತು? ನಿಮ್ಮಣ್ಣ ಕರ್ನೆಲ್ಲಿಗೆ ಸೇರಿಸಿದ್ದು ಎರಡೇ ಸಾಲು: ಬೀರು ಸೇರಿತು ಅಂತ ಖಾತ್ರಿಯಾಗುವವರೆಗೆ ಆ ಜಾಗ ಬಿಟ್ಟುಕೊಡಬೇಡ. ಇವತ್ತು ಲೋಕದಲ್ಲಿ ಎಲ್ಲೆಲ್ಲಿ ಆ ಕರ್ನೆಲ್ ಓಡುತ್ತಿದೆಯೋ ಅಲ್ಲೆಲ್ಲ ನಿಮ್ಮಣ್ಣನ ಆ ಎರಡು ಸಾಲು ಇದೆ.

ಲೈಸೆನ್ಸ್ ಕಚೇರಿಯಲ್ಲಿ ತನ್ನ ಮುಂದಿರುವ ಕಂಪ್ಯೂಟರಿನಲ್ಲೂ ಇರಬೇಕು, ಎಂದುಕೊಂಡ ತಮ್ಮ. ಅಲ್ಲಿಯವರೆಗೂ ಬಂದಿದೆ. ತನ್ನವರೆಗೆ ಬಂದಿಲ್ಲ.

"ಆ ಡಬ್ಬ ಎಲ್ಲಿಂದ ತಂದ್ನಂತೆ?"

"ಗುಜರಿಯಿಂದ ತಂದಿದ್ದು ಅಂದ್ರಪ್ಪ."

ಯಾವಾಗಿನ ಮಾತು ಎಂದು ಕೇಳಿದ. ಆಫೀಸು ಹಳೆಯ ಕಟ್ಟಡದಲ್ಲಿದ್ದಾಗಿನದು, ಒಂಬತ್ತು ವರ್ಷದ ಮೇಲಾಯಿತು ಎಂದಳು. ಕೇಕ್ ತರಿಸಿದ್ದೆವು, ಚಪ್ಪಾಳೆ ಹೊಡೆದೆವು, ಆ ಪುಣ್ಯಾತ್ಮ ಮಾತ್ರ ಮುಖ ಸಣ್ಣದು ಮಾಡಿಕೊಂಡು ಎದ್ದುಹೋದರು ಎಂದಳು. ಆಮೇಲೆ ಏನೋ ಹೊಳೆದವಳಂತೆ ಅವನ ಕಡೆ ತಿರುಗಿದಳು.

"ತಮ್ಮನ ಮನೆಗೆ ಹೋಗ್ಬೇಕು ಅಂತ ಹೋದ್ರು ಅವತ್ತು. ಆ ತಮ್ಮ ನೀವೇನಾ?"

"ಹೌದು," ಎಂದ ತಮ್ಮ. "ಬಂದಿದ್ದ."

* * *

ಬಂದಿದ್ದ. ಹೇಳದೆ ಕೇಳದೆ ಒಂದು ಸಂಜೆ ಬಾಗಿಲಲ್ಲಿ ನಿಂತಿದ್ದ. ವರ್ಷಗಳಿಂದ ಬಾರದವನು ಬಂದನಲ್ಲ ಎಂದು ತಮ್ಮನಿಗೆ ಆಶ್ಚರ್ಯ. ಚಹಾ ಮಾಡಿಕೊಟ್ಟ. ಅಣ್ಣ ಅರ್ಧ ಕುಡಿದು, ಲೋಟ ತಿರುಗಿಸುತ್ತ ಕೂತ. ಕೆಲಸ ಹೇಗಿದೆ ಎಂದ. ಗಲ್ಲ ಮೇಲೆ, ನಗಬೇಡಿ ಅಂತಿದೆ ಎಂದ ತಮ್ಮ. ಅಣ್ಣ ನಗಲಿಲ್ಲ. ನಲ್ಲಿ ಸೋರುತ್ತಿದೆಯಲ್ಲ ಎಂದು ಎದ್ದು, ಸ್ಪ್ಯಾನರ್ ಕೇಳಿ, ನಲ್ಲಿ ಬಿಚ್ಚಿ ವಾಷರ್ ತಿರುಗಿಸಿ ಹಾಕಿದ. ಮೂರು ಸಲ ತೆರೆದು ಮುಚ್ಚಿ ನೋಡಿದ. ಕೈ ಒರೆಸಿಕೊಳ್ಳುತ್ತ ಗೋಡೆಯ ಸಾಕೆಟ್ಟನ್ನೇ ನೋಡುತ್ತ ನಿಂತುಬಿಟ್ಟ.

"ನೋಡೋ, ಅವತ್ತು ಅಂಗಡೀಲಿ..." ಎಂದು ಶುರುಮಾಡಿದ.

ತಮ್ಮನಿಗೆ ರೇಗಿತು. ಮತ್ತೆ ಉಪದೇಶಕ್ಕೆ ಬಂದ ಎಂದುಕೊಂಡ.

"ನೋಡ್ಕೋ ಅಣ್ಣ, ಚೆನ್ನಾಗಿ ನೋಡ್ಕೋ. ಪ್ಲಗ್ಗುಗಳೆಲ್ಲ ಇದ್ದಲ್ಲೇ ಇವೆ. ಯಾವುದನ್ನೂ ಕಿತ್ತಿಲ್ಲ."

ಅಣ್ಣ ಚಪ್ಪಲಿ ಹಾಕಿಕೊಂಡು, ಇನ್ನೊಂದ್ಸಲ ಬರ್ತೀನಿ ಬಿಡು ಎಂದ. ಮೆಟ್ಟಿಲಿಳಿಯುವಾಗ ಅವನ ಬೆನ್ನು ಯಾಕೋ ಮುದುಕರ ಬೆನ್ನಿನಂತೆ ಕಂಡಿತ್ತು. ಆಮೇಲೆ ಬರಲಿಲ್ಲ.

* * *

ಒಳಗಿಂದ ಕರೆ ಬಂತು. ಕಬ್ಬಿಣದ ಬಾಗಿಲು ತೆರೆಯಿತು, ಅಣ್ಣ ಹೋದ, ಬಾಗಿಲು ಮುಚ್ಚಿತು. ನೋಡುವುದಕ್ಕೆ ಅಷ್ಟೇ ಇದ್ದದ್ದು. ಆಫೀಸಿನವರು ಕೈಕುಲುಕಿ ಹೊರಟರು. ತಮ್ಮ ಬಂದು ಅತ್ತಿಗೆಯ ಪಕ್ಕದ ಕುರ್ಚಿಯಲ್ಲಿ ಕೂತ.

"ಅತ್ತಿಗೆ, ಅವನಿಗೆ ಗೊತ್ತಿತ್ತಲ್ಲ?"

ಅವಳು ಏನು, ಎತ್ತ ಎಂದು ಕೇಳಲಿಲ್ಲ. ಈ ಪ್ರಶ್ನೆಗೆ ಎಷ್ಟೋ ದಿನದಿಂದ ಕಾದಿದ್ದವಳ ಹಾಗೆ ತಲೆಯಾಡಿಸಿದಳು.

"ಹೇಳ್ಬೇಕು ಹೇಳ್ಬೇಕು ಅಂತಾನೇ ಇದ್ರು. ತಾನು ಹಾಕಿದ ರ‍್ಯಾಮೇ ಆ ತಪ್ಪನ್ನ ಮುಚ್ಚಿಟ್ಟಿದ್ದು ಅಂತ ಗೊತ್ತಾದಾಗ ಊಟ ಬಿಟ್ರು ಎರಡು ದಿನ. ಅಂಗಡಿ ನಾನೇ ಮುಚ್ಚಿಸ್ದೆ ಕಣೇ ಅಂದ್ರು. ನಿಮ್ಮನೆಗೆ ಹೋಗಿ ಬಂದ್ಮೇಲೆ, ಇನ್ನೊಂದ್ಸಲ ಪೂರ್ತಿ ಖಾತ್ರಿ ಮಾಡ್ಕೊಂಡು ಹೇಳ್ತೀನಿ, ಈ ಸಲ ತಪ್ಪು ಹೇಳ್ಬಾರ್ದು ಅಂತ, ತಾನು ಸೇರಿಸಿದ ಆ ಎರಡು ಸಾಲು ಹಾಕಿ ಆ ಮಿಷಿನ್ ಹಚ್ಚಿದ್ರು. ಅವತ್ತು ಹಚ್ಚಿದ್ದು."

"ಇನ್ನೂ ಖಾತ್ರಿ ಆಗ್ಲಿಲ್ವಾ?"

"ನಾನೂ ಅದನ್ನೇ ಕೇಳ್ತಿದ್ದೆ." ಅವಳ ದನಿಯಲ್ಲಿ ಕಣ್ಣೀರಿಗಿಂತ ದಣಿವು ಹೆಚ್ಚಿತ್ತು. "ಅದರ ಸದ್ದಲ್ಲೇ ಮಲಗಿ, ಅದರ ಸದ್ದಲ್ಲೇ ಎದ್ದಿದೀನಿ. ಆಫೀಸಲ್ಲಿ ಲೋಕಕ್ಕೆಲ್ಲ ಹೇಳೋಕೆ ಒಂದಿನ ಸಾಕಾಯ್ತು. ತಮ್ಮನಿಗೆ ಹೇಳೋಕೆ ಮಾತ್ರ ಇನ್ನೊಂದ್ಸಲ, ಇನ್ನೊಂದ್ಸಲ."

ನೀವಾದರೂ ಹೇಳಬಹುದಿತ್ತಲ್ಲ ಎಂದ ತಮ್ಮ. ಅಮ್ಮ ಬಂದವರೆದುರಿಗೆಲ್ಲ ನನ್ನ ಮಾನ ಹರಾಜು ಹಾಕುವಾಗ ನೀವು ಅಲ್ಲೇ ಇರುತ್ತಿದ್ದಿರಲ್ಲ ಎಂದ. ಅವಳು ಸೆರಗಿನ ಅಂಚು ಸುತ್ತುತ್ತ ಕೂತಳು. ಗಂಡನ ಬಾಯಿಂದಲೇ ಬರಲಿ ಎಂದು ಕಾದೆ ಎಂದಳು. ನಿಜ ಹೇಳಬೇಕೆಂದರೆ ನಿಮ್ಮಣ್ಣನಿಗೆ ಅಮ್ಮನ ಎದುರು ಹೇಳುವುದಕ್ಕೇ ಹೆದರಿಕೆ ಎಂದಳು. ಅಮ್ಮನ ಪಾಲಿಗೆ ಅವನು ಒಂದು ದಿನವೂ ತಪ್ಪು ಮಾಡಿದವನಲ್ಲ. ಐವತ್ತು ದಾಟಿದ ಮೇಲೂ ಅದನ್ನು ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ.

* * *

ಮಧ್ಯಾಹ್ನಕ್ಕೆ ಮನೆ ಖಾಲಿಯಾಯಿತು. ತಾಯಿ ಅದೇ ಕುರ್ಚಿಯಲ್ಲಿದ್ದಳು. ಕಂಪ್ಯೂಟರ್ ಅದೇ ಮೇಜಿನ ಮೇಲೆ ಗುಂಯ್ ಅನ್ನುತ್ತಿತ್ತು. ಕೈಕಾಲು ತೊಳೆದು ಬಂದ ತಮ್ಮ, ತಾಯಿಯ ಕಾಲ ಬಳಿ ನೆಲದ ಮೇಲೆ ಕೂತ. ಇವತ್ತು ಬೇಡ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಆದರೆ ಅವಳಿಗೆ ಎಂಬತ್ತು ದಾಟಿತ್ತು. ಇವತ್ತಲ್ಲದಿದ್ದರೆ ಯಾವತ್ತು? ತಾನೂ ಇನ್ನೊಂದ್ಸಲ ಅನ್ನುತ್ತ ಕೂತರೆ ಅಣ್ಣನಿಗೂ ತನಗೂ ಏನು ವ್ಯತ್ಯಾಸ?

"ಅಮ್ಮ, ಅವತ್ತು ಅಂಗಡೀಲಿ ನಾನು ಪ್ಲಗ್ ಕಿತ್ತಿರ್ಲಿಲ್ಲ."

ತಾಯಿ ಅವನನ್ನು ನೋಡಿದಳು. "ಈಗ್ಯಾಕೋ ಅದು?"

"ತಪ್ಪು ಮಿಷಿನ್ನಿಂದೇ. ಅಣ್ಣನೇ ಕಂಡುಹಿಡಿದ. ಅವನಿಗೆ ಗೊತ್ತಿತ್ತಮ್ಮ, ಒಂಬತ್ತು ವರ್ಷದಿಂದ ಗೊತ್ತಿತ್ತು. ಬೇಕಾದ್ರೆ ಅತ್ತಿಗೇನ ಕೇಳು."

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಒದ್ದೆ ಕೈಯಲ್ಲೇ ನಿಂತಿದ್ದಳು. ತಾಯಿ ಅವಳ ಮುಖ ನೋಡಿದಳು, ತಮ್ಮನೂ ನೋಡಿದ. ಒಂದು ಹೌದು ಸಾಕಾಗಿತ್ತು. ಅವಳು ಬಾಯಿ ತೆರೆದಳು. ತಾಯಿಯ ಕೆಂಪಾಗಿ ಊದಿದ ಕಣ್ಣು ಕಂಡಿತು.

"ಇವತ್ತೊಂದು ದಿನ ಬೇಡ," ಎಂದಳು. "ಈಗ ಅದೆಲ್ಲ ಯಾಕೆ?"

ತಾಯಿ ನಿಧಾನವಾಗಿ ತಲೆಯಾಡಿಸಿದಳು. ಅವಳಿಗೆ ಬೇಕಾದ ಉತ್ತರ ಸಿಕ್ಕಿತ್ತು. ಚಿಕ್ಕ ಮಗನ ತಲೆಯ ಮೇಲೆ ಕೈಯಿಟ್ಟಳು; ಕೋಪ ಕೂಡ ಇರಲಿಲ್ಲ ಆ ಕೈಯಲ್ಲಿ.

"ಅವನಿಗೆ ಬಾಯಿ ಬಿಡೋಕಾಗಲ್ಲ ಅಂತ ಗೊತ್ತಾದ್ಮೇಲೆ ಹೇಳ್ತಿದೀಯಲ್ಲೋ, ಚಿಕ್ಕೋನೇ."

ತಮ್ಮ ಆ ಕೈಯ ಕೆಳಗೆ ಕೂತೇ ಇದ್ದ. ಮುಗಿಯಿತು ಅನ್ನಿಸಿತು. ಆಫೀಸಿನ ಹೆಂಗಸನ್ನು ಕರೆಸಿದರೂ, ಮೇಜು ಬೀರು ಎಂದು ನೂರು ಸಲ ಬಿಡಿಸಿ ಹೇಳಿಸಿದರೂ ಇನ್ನು ಅದು ಸತ್ತವನ ಮೇಲೆ ಹೊರಿಸಿದ ಮಾತೇ. ಹೇಳಬೇಕಾದವನು ಹೇಳದೆ ಹೋಗಿದ್ದ.

"ಆ ಸದ್ದು ಯಾರಾದ್ರೂ ನಿಲ್ಲಿಸಿ," ಎಂದಳು ತಾಯಿ ಕಣ್ಣು ಮುಚ್ಚಿ. "ಅವನೇ ಇಲ್ಲ, ಇನ್ನು ಅದು ಯಾರಿಗೆ?"

ಅತ್ತಿಗೆ ಕೈ ಒರೆಸಿಕೊಂಡು ಹೊರಡುವಷ್ಟರಲ್ಲಿ ತಮ್ಮ ಎದ್ದಿದ್ದ. ತಾಯಿ ಕಣ್ಣು ಬಿಟ್ಟಳು.

"ನೀನು ಬೇಡ. ಅವಳು ಮಾಡ್ತಾಳೆ. ಅದಕ್ಕೆ ಒಂದು ಕ್ರಮ ಇರುತ್ತೆ."

ಅವನು ಮೇಜಿನ ಹತ್ತಿರ ಹೋದ. ಬಿಚ್ಚಿದ ತಗಡಿನೊಳಗೆ ತನ್ನ ಅಂಗಡಿಯ ಧೂಳು ಇನ್ನೂ ಮೂಲೆಯಲ್ಲಿತ್ತು. ಎರಡು ಜಾಗದಲ್ಲಿ ಒಂದು ಖಾಲಿ. ಅಲ್ಲಿರಬೇಕಾದ ರ‍್ಯಾಮ್ ಮೇಜಿನ ಮೇಲೆ, ಅಣ್ಣನ ಕನ್ನಡಕದ ಪಕ್ಕ ಬಿದ್ದಿತ್ತು. ಅಂಚಿನಲ್ಲಿ ಕೆಂಪು ಚುಕ್ಕೆ. ಪರದೆಯಲ್ಲಿ ಎಷ್ಟು ಸಲ ಬರೆದು ತಾಳೆ ನೋಡಿದೆ ಎಂಬ ಸಂಖ್ಯೆ ಕೋಟಿಗಳನ್ನು ದಾಟಿ ಓಡುತ್ತಿತ್ತು. ಅದರ ಕೆಳಗಿನ ಸಾಲಿನಲ್ಲಿ, ತಪ್ಪುಗಳ ಲೆಕ್ಕ ತೋರಿಸುವ ಕಡೆ, ಒಂಬತ್ತು ವರ್ಷ ಓಡಿದ ಮೇಲೂ ಒಂದು ಸೊನ್ನೆ.

ಸ್ಟುಡಿಯೋ ಇದ್ದಷ್ಟು ದಿನವೂ ಪ್ರತಿ ಸಂಜೆ ಅವನು ಕಂಪ್ಯೂಟರಿನಲ್ಲಿ ತೆರೆದದ್ದನ್ನೆಲ್ಲ ಒಂದೊಂದಾಗಿ ಮುಚ್ಚಿ, ಪರದೆ ಕಪ್ಪಾಗುವವರೆಗೆ ಕಾದು, ಆಮೇಲೇ ಸ್ವಿಚ್ಚು ಆರಿಸಿದ್ದ. ಅಣ್ಣ ಕಲಿಸಿದ್ದು ಹಾಗೆ. ಓಡುತ್ತಿರುವ ಕಂಪ್ಯೂಟರಿನ ಪ್ಲಗ್ಗನ್ನು ಒಂದು ದಿನವೂ ಮುಟ್ಟಿದವನಲ್ಲ. ಮೇಜಿನ ಕೆಳಗೆ ಬಗ್ಗಿದ. ದಪ್ಪ ಕರಿ ವೈರನ್ನು ಗೋಡೆಯವರೆಗೂ ತಡವಿಕೊಂಡು ಹೋಗಿ, ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದು ಕಿತ್ತ.

ಪರದೆ ಆರಿತು. ಅವನು ಎದ್ದು ತಾಯಿಯ ಕಡೆ ತಿರುಗಿ ನಿಂತ.

"ನೋಡ್ದ್ಯಾ," ಎಂದಳು ತಾಯಿ ಸೊಸೆಗೆ.

ಪ್ಲಗ್ಗು ಇನ್ನೂ ಅವನ ಕೈಯಲ್ಲಿತ್ತು, ಅದರ ಹಿತ್ತಾಳೆಯ ಕಾಲುಗಳು ಬೆಚ್ಚಗಿದ್ದವು. ತಗಡಿಲ್ಲದ ಡಬ್ಬದೊಳಗೆ ಫ್ಯಾನು ಇನ್ನೂ ಒಂದಿಷ್ಟು ಹೊತ್ತು ತಿರುಗಿ, ಸುಸ್ತಾಗಿ, ರೆಕ್ಕೆಯ ಮೇಲಿನ ಧೂಳು ಕಾಣುವ ಹಾಗೆ ನಿಂತಿತು.